ಮಗುವಿನ ಕತ್ತಿನ ಗುಳ್ಳೆಗೆ ಜೇಡ ಕಾರಣವೇ?

ಪ್ರಶ್ನೆ: ನಾವು ಕಾರಟಗಿ ಸಮೀಪದ ಹಳ್ಳಿಯವರು. ಮನೆಗೆ ಹೊಂದಿಕೊಂಡೇ ಭತ್ತದ ಗದ್ದೆಯಿದೆ. ಕಳೆದ ವಾರ ಬೆಳಿಗ್ಗೆ ಏಳುವಾಗ ಆರು ವರ್ಷದ ಮಗಳ ಕತ್ತಿನ ಮೇಲೆ ಬರೆ ಎಳೆದಂತೆ ಕೆಂಪು ಗೆರೆ ಮೂಡಿತ್ತು. ಮರುದಿನ ಅದರ ಮೇಲೆ ನೀರುಗುಳ್ಳೆಗಳೆದ್ದು ಉರಿ ಹೆಚ್ಚಾಯಿತು. ಜೇಡ ಉಚ್ಚೆ ಹೊಯ್ದಿದೆ ಎಂದು ಅತ್ತೆಯವರು ಕೆಮ್ಮಣ್ಣು ಕಲಸಿ ಹಚ್ಚಿದರು. ನಮ್ಮ ಮನೆಯವರು ಗದ್ದೆಗೆ ತಂದಿಟ್ಟಿದ್ದ ಹುಳ ಕೊಲ್ಲುವ ಎಣ್ಣೆಯನ್ನೇ ಜಂತಿಯ ಸಂದುಗಳಿಗೆ ಹೊಡೆದರು. ಜೇಡಗಳೆಲ್ಲ ಸತ್ತು ಬಿದ್ದವು, ಆದರೆ ಈಗ ನನ್ನ ಮೊಣಕೈ ಮಡಿಕೆಯಲ್ಲೂ ಅಂಥದೇ ಗುಳ್ಳೆ ಎದ್ದಿದೆ. ಏನು ಮಾಡಬೇಕು?

ಉತ್ತರ: ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಇದು ಜೇಡದ ಕೆಲಸವಲ್ಲ. ಜೇಡದ ವಿಸರ್ಜನೆ ಗೋಡೆಯ ಮೇಲೋ ನೆಲದ ಮೇಲೋ ಸುಣ್ಣದ ಹನಿಯಂತೆ ಬಿದ್ದು ಒಣಗುವ ಸಣ್ಣ ಬಿಳಿ ಚುಕ್ಕೆಯಷ್ಟೇ. ಅದು ಚರ್ಮವನ್ನು ಸುಡುವುದಿಲ್ಲ. ಮಲಗಿದ್ದವರ ಮೈಮೇಲೆ ಜೇಡ ಹರಿದು ಹೋದರೂ ಅದು ನಡೆದ ದಾರಿಯಲ್ಲಿ ಗುಳ್ಳೆ ಏಳುವುದಿಲ್ಲ.

ನನ್ನ ಅನುಮಾನವಿರುವುದು ನಿಮ್ಮ ಗದ್ದೆಯಿಂದಲೇ ದೀಪಕ್ಕೆ ಹಾರಿ ಬರುವ ಪೀಡರಸ್ ಎಂಬ ಸಣ್ಣ ಜೀರುಂಡೆಯ ಮೇಲೆ. ಅದರ ಉದ್ದ ಒಂದು ಸೆಂಟಿಮೀಟರಿಗೂ ಕಡಿಮೆ. ಮೊದಲ ನೋಟಕ್ಕೆ ದೊಡ್ಡ ಇರುವೆಯಂತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ತಲೆ ಕಪ್ಪು, ಎದೆಯ ಭಾಗ ಕಿತ್ತಳೆ, ನಡುವೆ ನೀಲಿ ಮಿಂಚಿನ ಗಿಡ್ಡ ರೆಕ್ಕೆಕವಚ, ಹೊಟ್ಟೆ ಮತ್ತೆ ಕಿತ್ತಳೆ, ಬಾಲದ ತುದಿ ಕಪ್ಪು. ಬೆದರಿಸಿದರೆ ಬಾಲವನ್ನು ಚೇಳಿನಂತೆ ಮೇಲಕ್ಕೆ ಎತ್ತುತ್ತದೆ. ಇದು ನಮ್ಮನ್ನು ಕುಟುಕುವುದಿಲ್ಲ. ಅದರ ಮೈಯ ದ್ರವದಲ್ಲಿ ಪೀಡೆರಿನ್ ಎಂಬ ವಿಷವಿದ್ದು, ನಿದ್ದೆಗಣ್ಣಿನಲ್ಲಿ ನಾವು ಕತ್ತಿನ ಮೇಲೆ ಹರಿಯುವ ಹುಳವನ್ನು ಕೈಯಿಂದ ಒರೆಸಿದಾಗ ಅದು ಅರೆದುಹೋಗಿ ವಿಷವು ಕೈ ಸರಿದ ಗೆರೆಯುದ್ದಕ್ಕೂ ಬಳಿದುಕೊಳ್ಳುತ್ತದೆ. ಉರಿ ಮತ್ತು ಗುಳ್ಳೆ ಕಾಣಿಸಿಕೊಳ್ಳುವುದು ಹಲವು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ. ಅಷ್ಟು ಹೊತ್ತಿಗೆ ಹುಳದ ಸುಳಿವೇ ಇರುವುದಿಲ್ಲ, ಜಂತಿಯಲ್ಲಿ ಜೇಡವಂತೂ ಕಣ್ಣೆದುರಿಗೇ ಇರುತ್ತದೆ. ತಲೆಮಾರುಗಳಿಂದ ತಪ್ಪು ಜೇಡದ ಮೇಲೆ ಬಂದಿರುವುದು ಹೀಗೆ ಎಂದು ನಾನು ತಿಳಿದಿದ್ದೇನೆ. ಮೊಣಕೈ ಮಡಿಕೆಯ ಗುಳ್ಳೆಯೂ ಇದನ್ನೇ ಹೇಳುತ್ತದೆ. ವಿಷ ತಗುಲಿದ ಕೈಯನ್ನು ಮಡಿಸಿದಾಗ ಎದುರುಬದಿಯ ಚರ್ಮಕ್ಕೂ ಅದು ಅಂಟಿ, ಅಲ್ಲೂ ಇಲ್ಲೂ ಜೋಡಿ ಗಾಯ ಏಳುವುದುಂಟು.

ಹುಳ ಅರೆದದ್ದು ಗೊತ್ತಾದ ತಕ್ಷಣ ಆ ಜಾಗವನ್ನು ಸಾಬೂನು ಹಚ್ಚಿ ಧಾರಾಳ ನೀರಿನಿಂದ ತೊಳೆಯಬೇಕು. ತೊಳೆಯದ ಕೈಯಿಂದ ಕಣ್ಣು ಮುಟ್ಟಬಾರದು. ಆ ರಾತ್ರಿಯ ಹೊದಿಕೆ, ದಿಂಬಿನ ಚೀಲಗಳನ್ನೂ ಒಗೆಯಿರಿ. ಈಗಾಗಲೇ ಎದ್ದಿರುವ ಗುಳ್ಳೆಗಳನ್ನು ಒಡೆಯದೆ ತಣ್ಣೀರ ಬಟ್ಟೆ ಇಡಿ. ಕೆಮ್ಮಣ್ಣು, ಸುಣ್ಣ ಹಚ್ಚಿದರೆ ತೆರೆದ ಗಾಯಕ್ಕೆ ಸೋಂಕು ತಗುಲುವ ಭಯವಿದೆ. ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಮಾಯುತ್ತದೆ, ಕಪ್ಪು ಕಲೆ ಮಾತ್ರ ಕೆಲಕಾಲ ಉಳಿಯಬಹುದು. ಆದರೂ ಮಗುವನ್ನು ಒಮ್ಮೆ ಚರ್ಮದ ವೈದ್ಯರಿಗೆ ತೋರಿಸಿ. ಗುಳ್ಳೆಗಳು ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಎದ್ದು, ಅದಕ್ಕೂ ಮೊದಲೇ ಅಲ್ಲಿ ನೋವಿದ್ದರೆ ಅದು ಸರ್ಪಸುತ್ತು ಆಗಿರಬಹುದು. ಅದು ವೈರಾಣುವಿನಿಂದ ಬರುವ ಕಾಯಿಲೆಯಾಗಿದ್ದು, ಗುಳ್ಳೆ ಕಂಡ 72 ಗಂಟೆಗಳೊಳಗೆ ಔಷಧಿ ಆರಂಭಿಸಿದರೆ ಹೆಚ್ಚು ಪ್ರಯೋಜನವಾಗುತ್ತದೆ. ದೊಡ್ಡವರಲ್ಲಿ ಅದನ್ನೂ ಜೇಡದ ಹುಣ್ಣೆಂದು ಮನೆಯಲ್ಲೇ ಕಾಲ ಕಳೆಯುವವರನ್ನು ಕಂಡು ನನಗೆ ಬೇಸರವಾಗಿದೆ.

ಇನ್ನು ನೀವು ಹೊಡೆದ ಎಣ್ಣೆಯ ವಿಚಾರ. ಬೆಳೆಗೆಂದು ತಯಾರಾದ ಕೀಟನಾಶಕವನ್ನು ಮಕ್ಕಳು ಮಲಗುವ ಕೋಣೆಯಲ್ಲಿ ಸಿಂಪಡಿಸುವುದು ಗುಳ್ಳೆಗಿಂತ ಎಷ್ಟೋ ಪಾಲು ದೊಡ್ಡ ಅಪಾಯ; ದಯವಿಟ್ಟು ಇನ್ನೊಮ್ಮೆ ಹಾಗೆ ಮಾಡಬೇಡಿ. ಕಿಟಕಿ ಬಾಗಿಲು ತೆರೆದಿಟ್ಟು ಗಾಳಿಯಾಡಿಸಿ, ನೆಲವನ್ನೂ ಕೈಗೆಟುಕುವ ಗೋಡೆಯನ್ನೂ ಸಾಬೂನು ನೀರಿನಿಂದ ಒರೆಸಿ, ಅಲ್ಲಿದ್ದ ಪಾತ್ರೆ ಬಟ್ಟೆಗಳನ್ನು ತೊಳೆಯಿರಿ. ಜೇಡ ನಿಮ್ಮ ಗದ್ದೆಗೂ ಬೇಕಾದ ಜೀವಿ. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಭತ್ತದ ರೈತರಿಗೆ ಪೈರಿನ ರಸ ಹೀರುವ ಕಂದು ಜಿಗಿಹುಳುವಿನ ಕಾಟ ಹೊಸದಲ್ಲ. ಗದ್ದೆಯಲ್ಲಿ ಆ ಜಿಗಿಹುಳುವನ್ನು ಹಿಡಿದು ತಿನ್ನುವವರಲ್ಲಿ ತೋಳಜೇಡ ಮುಖ್ಯವಾದುದು. ಹುಳು ಕಾಣುವ ಮೊದಲೇ ಬಲವಾದ ಎಣ್ಣೆ ಹೊಡೆದ ಗದ್ದೆಯಲ್ಲಿ ಜೇಡಗಳು ಸತ್ತು ಜಿಗಿಹುಳು ಮತ್ತಷ್ಟು ಹೆಚ್ಚುವುದುಂಟು. ನಿಮ್ಮ ಮನೆಯಲ್ಲಿ ಮಾಡಬೇಕಾದದ್ದು ಬೇರೆ. ಕತ್ತಲಾಗುವ ಮೊದಲು ಕಿಟಕಿಗೆ ಜಾಲರಿ ಮುಚ್ಚಿ, ಹಾಸಿಗೆಯ ನೇರಕ್ಕಿರುವ ಬಿಳಿ ದೀಪವನ್ನು ಬೇಗ ಆರಿಸಿ, ಹೊರಗಿನ ದೀಪಕ್ಕೆ ಹಳದಿ ಬಲ್ಬು ಹಾಕಿ, ಸೊಳ್ಳೆಪರದೆಯೊಳಗೆ ಮಲಗಿ. ಮೈಮೇಲೆ ಹುಳ ಕಂಡರೆ ಒರೆಸದೆ, ಕಾಗದದ ಮೇಲೆ ಹತ್ತಿಸಿಕೊಂಡು ಹೊರಹಾಕಿ.

ಪ್ರಶ್ನೆ: ಕೊಪ್ಪಳದಲ್ಲಿ ನಮ್ಮದು ಹಳೆಯ ಮನೆ. ಬಚ್ಚಲಿನಲ್ಲಿ ಅಂಗೈಯಗಲದ ಜೇಡವೊಂದಿದ್ದು, ಹೊಟ್ಟೆಯ ಕೆಳಗೆ ಬಿಳಿಯ ಬಿಲ್ಲೆಯನ್ನು ಅವಚಿಕೊಂಡು ತಿರುಗುತ್ತದೆ. ಬಾಲ್ಯದಿಂದಲೂ ನನಗೆ ಜೇಡವೆಂದರೆ ಮೈ ನಡುಗುತ್ತದೆ. ಕೊಲ್ಲಲು ನಮ್ಮ ತಾಯಿ ಬಿಡುವುದಿಲ್ಲ.

ಉತ್ತರ: ತಾಯಿಯವರ ಮಾತು ಸರಿ. ಅದು ಬಲೆ ಹೆಣೆಯದೆ ರಾತ್ರಿಯಲ್ಲಿ ಓಡಾಡಿ ಜಿರಳೆಗಳನ್ನು ಬೇಟೆಯಾಡುವ ಜೇಡ. ಆ ಬಿಲ್ಲೆ ಅದರ ಮೊಟ್ಟೆಚೀಲ. ಅದರೊಳಗೆ ನೂರಕ್ಕೂ ಹೆಚ್ಚು ಮೊಟ್ಟೆಗಳಿರುತ್ತವೆ, ಮರಿಯಾಗುವವರೆಗೂ ತಾಯಿ ಅದನ್ನು ಕೆಳಗಿಡುವುದಿಲ್ಲ. ಕೈಯಲ್ಲಿ ಹಿಡಿದು ಹಿಸುಕಿದರೆ ಕಚ್ಚಬಹುದು. ನೋವು, ಬಾವು ಬಂದರೂ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಯಾವುದೇ ಜೇಡ ಕಚ್ಚಿದ ಮೇಲೆ ಸ್ನಾಯುಗಳು ಹಿಡಿದುಕೊಂಡರೆ, ವಿಪರೀತ ಬೆವರಿದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದು ಬುದ್ಧಿ ಹೇಳಿದ ಮಾತ್ರಕ್ಕೆ ಹೋಗುವಂಥದಲ್ಲ, ಮನೆಯವರು ನಗುವುದರಿಂದ ಇನ್ನಷ್ಟು ಹೆಚ್ಚುತ್ತದೆ. ಕ್ರಮೇಣ ಹತ್ತಿರವಾಗುವುದೇ ಇದಕ್ಕೆ ಪರೀಕ್ಷಿತ ದಾರಿ. ಗೋಡೆಯ ಮೇಲೆ ಹಗಲಿನಲ್ಲಿ ಕಾಣುವ, ಭತ್ತದ ಕಾಳಿನಷ್ಟು ಚಿಕ್ಕ ಜಿಗಿಯುವ ಜೇಡದಿಂದ ಆರಂಭಿಸಿ. ದೂರದಲ್ಲೇ ನಿಂತು ಬೆರಳನ್ನು ನಿಧಾನವಾಗಿ ಆಡಿಸಿದರೆ ಅದು ಮುಂದಿನ ಎರಡು ದೊಡ್ಡ ಕಣ್ಣುಗಳನ್ನು ನಿಮ್ಮತ್ತ ತಿರುಗಿಸಿ ಬೆರಳನ್ನೇ ಹಿಂಬಾಲಿಸುತ್ತದೆ. ಮನಸ್ಸು ಒಗ್ಗಿದ ಮೇಲೆ ದೊಡ್ಡದರ ಕಡೆಗೆ ಹೋಗಿ. ಅಲ್ಲಿಯವರೆಗೆ ಬಚ್ಚಲಿನ ಜೇಡದ ಮೇಲೆ ಅಗಲ ಬಾಯಿಯ ಡಬ್ಬಿ ಮುಚ್ಚಿ, ಕೆಳಗೆ ಹಳೆಯ ಕ್ಯಾಲೆಂಡರಿನ ರಟ್ಟನ್ನು ಸರಿಸಿ, ಹಿತ್ತಲಿಗೆ ಬಿಡುವ ಕೆಲಸವನ್ನು ತಾಯಿಯವರೇ ಮಾಡಲಿ. ಹೆದರಿಕೆಯಿಂದ ಬಚ್ಚಲಿಗೆ ಹೋಗುವುದನ್ನೇ ನಿಲ್ಲಿಸುವಂತಾದರೆ ಮನೋವೈದ್ಯರನ್ನು ಕಾಣಲು ಸಂಕೋಚಪಡಬೇಡಿ.

ಪ್ರಶ್ನೆ: ಬಳ್ಳಾರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಎಷ್ಟು ಸಲ ತೆಗೆದರೂ ಮೂಲೆಗಳಲ್ಲಿ ಮತ್ತೆ ಬಲೆ ಕಟ್ಟುತ್ತದೆ.

ಉತ್ತರ: ಕನ್ನಡದಲ್ಲಿ ಜೇಡ ಎಂಬ ಮಾತಿಗೆ ನೇಕಾರ ಎಂಬ ಅರ್ಥವೂ ಇದೆ, ವಚನಕಾರ ಜೇಡರ ದಾಸಿಮಯ್ಯನವರ ಹೆಸರಿನಲ್ಲಿರುವುದು ಅದೇ. ನಿಮ್ಮ ಮೂಲೆಯಲ್ಲಿ ನೇಯುತ್ತಿರುವುದು ಎಳೆಯಂಥ ಉದ್ದ ಕಾಲುಗಳ, ಮುಟ್ಟಿದರೆ ಬಲೆಸಮೇತ ಗಡಗಡ ಅಲುಗುವ ಜೇಡವಿರಬೇಕು. ಬಿಟ್ಟುಹೋದ ಬಲೆಗೆ ಬಳ್ಳಾರಿಯ ಧೂಳು ಕೂತಾಗಲೇ ಅದು ನಮ್ಮ ಕಣ್ಣಿಗೆ ಕೊಳಕಾಗಿ ಬೀಳುತ್ತದೆ. ದಸರೆಗೂ ಯುಗಾದಿಗೂ ಮಾತ್ರ ಹೊಡೆಯುವ ಬದಲು ಹದಿನೈದು ದಿನಕ್ಕೊಮ್ಮೆ ಉದ್ದನೆಯ ಗಳಕ್ಕೆ ಕಸಬರಿಗೆ ಕಟ್ಟಿ ಬಲೆ ತೆಗೆಯಿರಿ, ಟ್ಯೂಬ್‌ಲೈಟಿನ ಸುತ್ತ ಮೊದಲು, ಏಕೆಂದರೆ ಸೊಳ್ಳೆ, ನೊಣ ಸೇರುವಲ್ಲಿಗೇ ಜೇಡವೂ ಬರುತ್ತದೆ. ಹೊಡೆಯುವ ಮುನ್ನ ಒಮ್ಮೆ ಟಾರ್ಚು ಹಿಡಿದು ನೋಡಿ: ತಾಯಿ ಜೇಡ ಗಸಗಸೆಗಿಂತ ತುಸು ದಪ್ಪನೆಯ ಮೊಟ್ಟೆಗಳ ಗೊಂಚಲನ್ನು ಬಾಯಲ್ಲೇ ಕಚ್ಚಿಕೊಂಡು ತೂಗಾಡುತ್ತಿರಬಹುದು. ಅಂಥದೊಂದು ಕಂಡರೆ, ಅಡುಗೆ ಒಲೆಯ ಮೇಲಿನ ಮೂಲೆಯಲ್ಲದಿದ್ದರೆ, ಮರಿಗಳು ಚದುರುವವರೆಗೆ ಆ ಒಂದು ಮೂಲೆಯನ್ನು ಬಿಟ್ಟುಬಿಡಿ.