ಡೊಂಬಿವಲಿ ಬಾಲ್ಕನಿಯಲ್ಲಿ ಚಳಿಗಾಲದ ತರಕಾರಿ ಬೀಜ ಯಾವಾಗ ಹಾಕಬೇಕು?

ಅಕ್ಕಾ, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ ಅಂತ ಸುಮ್ನಿದ್ದೆ. ಈಗ ಊಟ ಮುಗಿಸಿ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು ಬರೆದಿದ್ದು ಇಷ್ಟು. ಮುಂಬೈ ಪಕ್ಕದ ಡೊಂಬಿವಲಿ, ಐದನೇ ಮಹಡಿ, ದಕ್ಷಿಣದ ಬಾಲ್ಕನಿ. ಹೋದ ವರ್ಷ ಚಳಿ ಬಂತು ಅನ್ನಿಸಿದ ಮೇಲೆ, ನವೆಂಬರ್ ಕೊನೆಯಲ್ಲಿ, ಎಲ್ಲ ಬೀಜ ಒಂದೇ ದಿನ ಹಾಕಿದಿರಿ. ಮೆಂತ್ಯ, ಮೂಲಂಗಿ ಚೆನ್ನಾಗಿ ಬಂತು. ಎಲೆಕೋಸು ಮಾತ್ರ ಮಾರ್ಚ್ ಬಂದರೂ ಗಡ್ಡೆ ಕಟ್ಟಲಿಲ್ಲ. ಈ ಸಲ ಒಬ್ಬರು ಸೆಪ್ಟೆಂಬರ್‌ನಲ್ಲೇ ಹಾಕಬೇಕಿತ್ತು ಅಂತಾರೆ, ಇನ್ನೊಬ್ಬರು ಚಳಿ ಬರಲಿ ತಡೀರಿ ಅಂತಾರೆ. ಈಗ ಅಕ್ಟೋಬರ್ ಮೊದಲ ವಾರ, ಯಾರ ಮಾತು ಕೇಳಲಿ?

ಇಬ್ಬರ ಮಾತೂ ಕೇಳಿ. ಆದರೆ ಬೇರೆ ಬೇರೆ ಬೀಜಕ್ಕೆ.

ನಾನು ಒಂಬತ್ತು ವರ್ಷ ನಿಮ್ಮ ಡೊಂಬಿವಲಿಯಲ್ಲೇ ಇದ್ದೆ. ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ನೀವು ಮಾಡಿದ ತಪ್ಪನ್ನು ನಾನು ಎರಡು ವರ್ಷ ಮಾಡಿದ್ದೆ. ಚಳಿಗಾಲದ ತರಕಾರಿ ಅಂದ ತಕ್ಷಣ ಬೀಜಕ್ಕೇ ಚಳಿ ಬೇಕು ಅಂತ ಅಂದುಕೊಂಡುಬಿಡುತ್ತೇವೆ. ಎಲೆಕೋಸಿನ ಬೀಜವನ್ನು ಅಕ್ಟೋಬರ್ ಸೆಕೆಯಲ್ಲಿ ಹಾಕಿ ನೋಡಿ, ನಾಲ್ಕೈದು ದಿನಕ್ಕೆ ಮೊಳಕೆ ಬರುತ್ತದೆ. ಅದಕ್ಕೆ ಚಳಿ ಬೇಕಾಗುವುದು ಆಮೇಲೆ, ಗಡ್ಡೆ ಕಟ್ಟುವಾಗ. ಮುಂಬೈ ಕಡೆ ಆ ಚಳಿ ಇರುವುದೇ ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮೊದಲ ವಾರದವರೆಗೆ. ಅದೂ ಚಳಿ ಅಂದರೆ ಏನು, ಮುಂಬೈಯ ಸಾಂತಾಕ್ರೂಜ್‌ನಲ್ಲಿ ಜನವರಿ ರಾತ್ರಿ ಸರಾಸರಿ 17 ಡಿಗ್ರಿ. ನಮ್ಮ ಧಾರವಾಡದವರು ಅದಕ್ಕೆ ಸ್ವೆಟರ್ ಕೂಡ ಹಾಕುವುದಿಲ್ಲ.

ಹಾಗಾಗಿ ಲೆಕ್ಕ ಹಿಂದಿನಿಂದ ಹಾಕಬೇಕು. ಎಲೆಕೋಸಿನ ಗಡ್ಡೆ ಜನವರಿಯಲ್ಲಿ ತುಂಬಬೇಕು. ಸಸಿ ನೆಟ್ಟ ಮೇಲೆ ಅದಕ್ಕೆ ಸುಮಾರು 70 ದಿನ ಬೇಕು. ಅಂದರೆ ನವೆಂಬರ್ ಮೊದಲ ವಾರ ಸಸಿ ಕುಂಡಕ್ಕೆ ಹೋಗಬೇಕು. ಸಸಿ ಮಾಡಲು ನಾಲ್ಕು ವಾರ. ಅಲ್ಲಿಗೆ ಬೀಜದ ದಿನ ಅಕ್ಟೋಬರ್ ಮೊದಲ ವಾರ, ಅಂದರೆ ಈಗ. ನೀವು ಹೋದ ವರ್ಷ ನವೆಂಬರ್ ಕೊನೆಗೆ ಹಾಕಿದ ಬೀಜ, ಡಿಸೆಂಬರ್ ಕೊನೆಗೆ ಸಸಿಯಾಗಿ ಕುಂಡ ಸೇರಿ, ಗಡ್ಡೆ ಕಟ್ಟುವ ಹೊತ್ತಿಗೆ ಹೊರಗೆ ಹೋಳಿ ಹುಣ್ಣಿಮೆಯ ಬಿಸಿಲು. ಪಾಪ, ಅದು ಏನು ಮಾಡಬೇಕು?

ಇದರಲ್ಲೊಂದು ತಮಾಷೆ ಇದೆ. ಅತಿ ಹೆಚ್ಚು ಚಳಿ ಬೇಡುವ ಬೆಳೆಯನ್ನೇ ಅತಿ ಸೆಕೆಯಲ್ಲಿ ಶುರು ಮಾಡಬೇಕು. ಸೊಪ್ಪು, ಮೂಲಂಗಿಯಂಥ ಚುರುಕಿನ ಬೆಳೆ ಕಾಯಬಹುದು.

ಆದ್ದರಿಂದ ಈ ಭಾನುವಾರ ನೀವು ಹಾಕಬೇಕಾದ್ದು ಸಸಿ ಮಾಡುವ ಬೀಜ ಮಾತ್ರ. ಎಲೆಕೋಸು, ಹೂಕೋಸು, ನವಿಲುಕೋಸು, ಟೊಮೆಟೊ, ಬದನೆ. ಟೊಮೆಟೊ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮುಂಬೈಯಲ್ಲಿ ಟೊಮೆಟೊ ಕೂಡ ಚಳಿಗಾಲದ ಬೆಳೆಯೇ. ರಾತ್ರಿ ಸೆಕೆ ಇದ್ದರೆ ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ಈಗ ಹಾಕಿದರೆ ಡಿಸೆಂಬರ್‌ಗೆ ಹೂ, ಸರಿಯಾದ ಹೊತ್ತು. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಸಿಕ್ಕರೆ ತನ್ನಿ. ಎಲೆ ಮುರುಟು ರೋಗ ತಡೆದುಕೊಳ್ಳುತ್ತದೆ. ಬಾಲ್ಕನಿಯಲ್ಲಿ ಆ ರೋಗ ಹರಡುವ ಬಿಳಿನೊಣದ ಕಾಟ ಇದ್ದೇ ಇರುತ್ತದಲ್ವಾ. ದೊಣ್ಣೆಮೆಣಸಿನಕಾಯಿಗೆ ಹೊತ್ತು ಮೀರಿದೆ, ಸುಮ್ನೆ ನರ್ಸರಿಯಿಂದ ಸಸಿ ತಂದುಬಿಡಿ.

ಹೂಕೋಸಿನಲ್ಲಿ ಮಾತ್ರ ಪ್ಯಾಕೆಟ್ ಓದಿ ಕೊಳ್ಳಿ. ನಾನು ಒಮ್ಮೆ ಚಿತ್ರ ನೋಡಿ ತಂದೆ. ಬೆಳ್ಳಗೆ, ತಲೆಯಷ್ಟು ದೊಡ್ಡ ಹೂ. ಅದು ತಡವಾಗಿ ಬರುವ ಸ್ನೋಬಾಲ್ ಜಾತಿ. ಅದಕ್ಕೆ ಹೂ ಕಟ್ಟಲು 10ರಿಂದ 16 ಡಿಗ್ರಿ ಬೇಕು. ಡೊಂಬಿವಲಿಯಲ್ಲಿ ಅದು ಎಲ್ಲಿಂದ ಬರಬೇಕು? ಮಾರ್ಚ್‌ವರೆಗೆ ಬಾಳೆಗಿಡದ ಹಾಗೆ ಎಲೆ ಬಿಡುತ್ತಲೇ ಹೋಯಿತು. ಕೊನೆಗೆ ಎಲೆಯದೇ ಪಲ್ಯ ಮಾಡಿ ತಿಂದೆವು, ಕೆಟ್ಟದೇನಿರಲಿಲ್ಲ. ನಿಮಗೆ ಬೇಕಾದದ್ದು ಬೇಗ ಬರುವ ಜಾತಿ. ಪೂಸಾ ಮೇಘನಾ, ಪೂಸಾ ದೀಪಾಲಿ ಅಂಥವು. ಅಂಗಡಿಯಲ್ಲಿ ಹೆಸರು ನೆನಪಾಗದಿದ್ದರೆ 'ಅರ್ಲಿ' ಕೊಡಿ ಅಂತ ಕೇಳಿ, ಅಷ್ಟೇ. ಇದೆಲ್ಲ ರಗಳೆ ಬೇಡ ಅಂದರೆ ನವಿಲುಕೋಸು ಹಾಕಿ. ಸಣ್ಣ ಕುಂಡದಲ್ಲೂ ಬರುತ್ತದೆ, ನೆಟ್ಟ 45–50 ದಿನಕ್ಕೆ ಕೀಳಬಹುದು, ಎಲೆಯನ್ನೂ ಹುಳಿಗೆ ಹಾಕಬಹುದು. ನನ್ನನ್ನು ಕೇಳಿದರೆ ಬಾಲ್ಕನಿಗೆ ಕೋಸಿನ ಬಳಗದಲ್ಲಿ ಅದೇ ವಾಸಿ.

ಈಗ ಸಸಿ ಮಾಡುವ ಬಗ್ಗೆ. ಅಕ್ಟೋಬರ್‌ನಲ್ಲಿ ಬೀಜಕ್ಕೆ ಸೆಕೆಗಿಂತ ಮಳೆಯ ಭಯ ಜಾಸ್ತಿ. ಮುಂಬೈಯಿಂದ ಮುಂಗಾರು ಹಿಂದೆ ಸರಿಯುವ ಸಾಮಾನ್ಯ ದಿನ ಅಂತ ಹವಾಮಾನ ಇಲಾಖೆ ಇಟ್ಟಿರುವುದು ಅಕ್ಟೋಬರ್ 8. ಆದರೆ ಮಳೆ ಕ್ಯಾಲೆಂಡರ್ ನೋಡುತ್ತದಾ? ಇಲ್ಲಿಯವರು ಪರತೀಚಾ ಪಾವೂಸ್ ಅನ್ನುವ ಆ ವಾಪಸ್ ಹೋಗುವ ಮಳೆ, ಸಂಜೆ ಗುಡುಗಿ ಅರ್ಧ ಗಂಟೆಯಲ್ಲಿ ಟ್ರೇಯ ಮಣ್ಣನ್ನೆಲ್ಲ ಚೆಲ್ಲಿ ಹೋಗುತ್ತದೆ. ಉಳಿದ ಸಸಿ ಬುಡದಲ್ಲಿ ನೀರು ಕುಡಿದು ಕೊಳೆತು, ಮಾರನೇ ದಿನ ಅಡ್ಡ ಮಲಗಿರುತ್ತವೆ. ಸಸಿ ಸಾಯುವ ರೋಗ ಅಂದರೆ ಅದೇ. ಬಿದ್ದ ಸಸಿ ಏಳುವುದಿಲ್ಲ. ಅದಕ್ಕೇ ಟ್ರೇಯನ್ನು ಮಳೆ ಎರಚಲು ಬೀಳದ ಕಡೆ, ಆದರೆ ಬೆಳಕಿರುವ ಕಡೆ ಇಡಿ.

ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಎರೆಗೊಬ್ಬರ ಒಂದು ಪಾಲು ಕಲಸಿ. ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡಿದರೆ ಒಂದೆರಡು ಹನಿ ನೀರು ಬರಬೇಕು, ಧಾರೆಯಾಗಿ ಸುರಿದರೆ ಜಾಸ್ತಿ ಒದ್ದೆ ಅಂತ ಅರ್ಥ. ಅರ್ಧ ಉಗುರಿನಷ್ಟು ಆಳಕ್ಕೆ, ಟ್ರೇಯ ಒಂದೊಂದು ಗುಳಿಯಲ್ಲಿ ಎರಡು ಬೀಜ. ಮೇಲೆ ಪೇಪರ್ ಮುಚ್ಚಿ. ಮೂರನೇ ದಿನದಿಂದ ಬೆಳಿಗ್ಗೆ ಎದ್ದ ಕೂಡಲೇ ಪೇಪರ್ ಎತ್ತಿ ನೋಡಿ. ಒಂದು ಮೊಳಕೆ ಕಂಡರೂ ಪೇಪರ್ ತೆಗೆದುಬಿಡಿ, ಮಿಕ್ಕವು ಬರಲಿ ಅಂತ ಕಾಯಬೇಡಿ. ನಾನು ಒಂದು ವರ್ಷ ಪೇಪರ್ ಮುಚ್ಚಿಟ್ಟು ದಸರೆಗೆ ಊರಿಗೆ ಹೋಗಿದ್ದೆ. ಆರನೇ ದಿನ ಬಂದು ನೋಡಿದರೆ ಸಸಿಗಳು ಶಾವಿಗೆ ಥರ ಬೆಳ್ಳಗೆ, ಉದ್ದುದ್ದ. ಒಂದೂ ಉಳಿಯಲಿಲ್ಲ. ನೀರನ್ನು ಮೇಲಿಂದ ಸುರಿಯದೆ, ಟ್ರೇಯನ್ನು ಒಂದು ತಟ್ಟೆಯ ನೀರಿನಲ್ಲಿ ಹತ್ತು ನಿಮಿಷ ಇಟ್ಟು ತೆಗೆದರೆ ಸಾಕು.

ಬೀಜ ಹಳೆಯದಾಗಿದ್ದರೆ ಮೊದಲು ಪರೀಕ್ಷೆ ಮಾಡಿ. ಹತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಡಿ. ವಾರದಲ್ಲಿ ಏಳು ಮೊಳೆತರೆ ಹಾಕಿ. ಮೂರು ನಾಲ್ಕು ಮೊಳೆತರೆ ಹೊಸ ಪ್ಯಾಕೆಟ್ ತನ್ನಿ, ಯಾಕೆಂದರೆ ನಿಮ್ಮ ಹತ್ತಿರ ಇರುವುದು ಒಂದೇ ಅವಕಾಶ. ಈ ವಾರ ತಪ್ಪಿ ಇನ್ನು ಮೂರು ವಾರ ಬಿಟ್ಟು ಹಾಕಿದರೆ ಹೋದ ವರ್ಷದ ಕಥೆಯ ಹತ್ತಿರಕ್ಕೇ ಹೋಗುತ್ತೀರಿ.

ಇನ್ನು ನೇರ ಕುಂಡಕ್ಕೇ ಹಾಕುವ ಬೀಜ. ಕ್ಯಾರೆಟ್, ಬೀಟ್‌ರೂಟ್, ಮೂಲಂಗಿಯನ್ನು ಸಸಿ ಕಿತ್ತು ನೆಡಬಾರದು, ಗೆಡ್ಡೆ ಕವಲೊಡೆಯುತ್ತದೆ. ಇವನ್ನು ಮಳೆ ಪೂರ್ತಿ ನಿಂತ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ ಹಾಕಿ. ಕ್ಯಾರೆಟ್ ಸೆಕೆ ತಡೆಯುವ ಕುರೋಡಾ ಜಾತಿಯದೇ ಇರಲಿ, ಕುಂಡ ಒಂದು ಅಡಿ ಆಳ ಇರಲಿ. ಅದು ಮೊಳೆಯಲು ಹತ್ತು ಹದಿನೈದು ದಿನ ತೆಗೆದುಕೊಳ್ಳುತ್ತದೆ, ಅಷ್ಟು ದಿನವೂ ಮೇಲ್ಮಣ್ಣು ಒಣಗಬಾರದು. ಕ್ಯಾರೆಟ್ ಬರಲಿಲ್ಲ ಅನ್ನುವವರಲ್ಲಿ ಮುಕ್ಕಾಲು ಜನ ಎಂಟನೇ ದಿನ ನೀರು ಹಾಕುವುದು ಬಿಟ್ಟವರು. ಒಂದು ಗೋಣಿತಾಟು ಮುಚ್ಚಿ ಅದರ ಮೇಲೆ ನೀರು ಚಿಮುಕಿಸಿ.

ಕೊತ್ತಂಬರಿ, ಬಟಾಣಿ, ಲೆಟ್ಯೂಸ್ ಇವು ನಾನು ಮೇಲೆ ಹೇಳಿದ ಮಾತಿಗೆ ಹೊರತು. ಇವಕ್ಕೆ ಬೀಜದಿಂದಲೇ ತಂಪು ಬೇಕು. ಲೆಟ್ಯೂಸ್ ಬೀಜ ಅಂತೂ 30 ಡಿಗ್ರಿ ದಾಟಿದರೆ ಹಾಗೇ ನಿದ್ದೆ ಹೋಗಿಬಿಡುತ್ತದೆ. ಹಾಗಾದರೆ ಯಾವಾಗ? ನಮ್ಮ ಮನೆಯಲ್ಲಿ ಒಂದು ಗುರುತು ಇತ್ತು. ಬೆಳಗಿನ ಜಾವ ಯಾರಾದರೂ ಎದ್ದು ಫ್ಯಾನ್ ಒಂದು ನಂಬರ್ ಕಡಿಮೆ ಮಾಡುತ್ತಾರಲ್ಲ, ಆ ವಾರ ಕೊತ್ತಂಬರಿ ಹಾಕುವುದು. ಡೊಂಬಿವಲಿಯಲ್ಲಿ ಅದು ಹೆಚ್ಚುಕಡಿಮೆ ನವೆಂಬರ್ ಮಧ್ಯ, ಕೆಲವು ವರ್ಷ ಇನ್ನೂ ತಡ. ಇಲ್ಲಿ ಪುಣೆಯಲ್ಲಿ ಎರಡು ಮೂರು ವಾರ ಮೊದಲೇ. ಮನೆಯಲ್ಲಿ ಎಸಿ ಇದ್ದವರಿಗೆ ಈ ಗುರುತು ನಡೆಯುವುದಿಲ್ಲ, ಅವರು ಥರ್ಮಾಮೀಟರ್ ತರಬೇಕು!

ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಹಾಕಿ. ಬಟಾಣಿಯ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಮುಂಬೈಯ ಜನವರಿ ಹಗಲು 30 ಡಿಗ್ರಿ ಇರುತ್ತದೆ, ಹೂ ಉದುರುತ್ತದೆ. ಕುಡಿ ಚಿವುಟಿ ಪಲ್ಯಕ್ಕೆ ಹಾಕುವುದಾದರೆ ಸರಿ. ಕಾಳೇ ಬೇಕಾದರೆ ಅವರೆ ಹಾಕಿ. ಕೊಂಕಣದ ರಾಯಗಡದ ಕಡೆ ಭತ್ತ ಕೊಯ್ದ ಗದ್ದೆಯ ಹಸಿಯಲ್ಲೇ ವಾಲ್ ಬಿತ್ತುತ್ತಾರಲ್ಲ, ಅದು ನಮ್ಮ ಅವರೆಯ ಬಳಗವೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ಬೀಜ ಊರಿಂದ ಯಾರಾದರೂ ತಂದುಕೊಟ್ಟರೆ ಇನ್ನೂ ಒಳ್ಳೆಯದು. ಗಿಡ ಗಿಡ್ಡ, ಹಬ್ಬುವುದಿಲ್ಲ.

ಪಾಲಕ್‌ಗೆ ಇಷ್ಟು ಕಾಯಬೇಕಿಲ್ಲ. ನಮ್ಮ ಪಾಲಕ್ ನಿಜವಾಗಿ ಬೀಟ್‌ರೂಟ್‌ನ ಬಳಗ, ವಿಲಾಯತಿ ಸ್ಪಿನಾಚ್ ಅಲ್ಲ. ಸೆಕೆ ತಡೆಯುತ್ತದೆ. ಮಳೆ ನಿಂತ ವಾರವೇ ಹಾಕಿ. ಮೆಂತ್ಯ, ಸಬ್ಬಸಿಗೆ ಕೂಡ ಅಷ್ಟೇ. ಆದರೆ ಸೊಪ್ಪನ್ನೆಲ್ಲ ಒಂದೇ ದಿನ ಹಾಕಿ ಒಂದೇ ವಾರ ಮೆಂತ್ಯ ಪಲ್ಯ, ಮೆಂತ್ಯ ಪರಾಠಾ, ಮೆಂತ್ಯ ಬಾತ್ ಅಂತ ಮನೆಯವರನ್ನು ಓಡಿಸಬೇಡಿ. ಹತ್ತು ಹತ್ತು ದಿನಕ್ಕೆ ಒಂದು ಕುಂಡ.

ಇನ್ನೊಂದು ಮಾತು. ದಸರೆಗೆ ಹಾಕಿ, ದೀಪಾವಳಿಗೆ ಹಾಕಿ ಅಂತ ಹೇಳುವವರ ಮಾತು ಅಳೆದು ತೂಗಿ ಕೇಳಿ. 2023ರಲ್ಲಿ ದೀಪಾವಳಿ ನವೆಂಬರ್ 12ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 20–21ಕ್ಕೇ. ಮೂರು ವಾರ ಆಚೀಚೆ. ನಮ್ಮಜ್ಜಿ ಹಬ್ಬ ನೋಡುತ್ತಿರಲಿಲ್ಲ, ಮಳೆ ನಕ್ಷತ್ರ ನೋಡುತ್ತಿದ್ದಳು. ಅದು ಸೂರ್ಯನ ಲೆಕ್ಕ, ಪ್ರತಿ ವರ್ಷ ಅದೇ ದಿನಕ್ಕೆ ಬರುತ್ತದೆ. ಅಕ್ಟೋಬರ್ 10ರ ಹೊತ್ತಿಗೆ ಚಿತ್ತೆ, 24ಕ್ಕೆ ಸ್ವಾತಿ, ನವೆಂಬರ್ 6ಕ್ಕೆ ವಿಶಾಖೆ. ನಿಮ್ಮ ಬಾಲ್ಕನಿಗೆ ಅದನ್ನೇ ಹೊಂದಿಸಿದರೆ ಕೋಸು, ಟೊಮೆಟೊ ಚಿತ್ತೆಗೆ ಮೊದಲು, ಮೂಲಂಗಿ, ಕ್ಯಾರೆಟ್ ಸ್ವಾತಿಯಲ್ಲಿ, ಕೊತ್ತಂಬರಿ ವಿಶಾಖೆಯಲ್ಲಿ. ಅಜ್ಜಿ ಹಿಂಗಾರಿ ಜೋಳಕ್ಕೆ ಹಾಕಿದ ಲೆಕ್ಕವನ್ನು ನಾನು ಡೊಂಬಿವಲಿ ಕುಂಡಕ್ಕೆ ಹಾಕಿದ್ದು ಗೊತ್ತಾಗಿದ್ದರೆ ಬೈಯುತ್ತಿದ್ದಳೋ ನಗುತ್ತಿದ್ದಳೋ.

ಕೆಳಗೆ ಕಾಮೆಂಟ್‌ನಲ್ಲಿ ಗೋವಾದ ಮಡಗಾಂವ್‌ನವರೊಬ್ಬರು ನಮಗೂ ಹೇಳಿ ಅಂದಿದ್ದಾರೆ. ಅಣ್ಣಾ, ನಿಮ್ಮಲ್ಲಿ ಜನವರಿ ರಾತ್ರಿಯೂ 20 ಡಿಗ್ರಿಯ ಆಸುಪಾಸು. ಹೂಕೋಸು ಬಿಟ್ಟುಬಿಡಿ. ಮಳೆ ನಿಂತ ಮೇಲೆ ಕೆಂಪು ಹರಿವೆ, ಮೂಲಂಗಿ, ಬದನೆ, ಮೆಣಸಿನಕಾಯಿ, ಅಲಸಂದೆ ಹಾಕಿ. ಬದನೆಗೆ ನಿಮ್ಮ ಗೋವಾದ ಆಗಶಿ ಊರಿನ ಬೀಜವೇ ಸಿಗುವಾಗ ಬೇರೆ ಯಾಕೆ?

ಅಕ್ಕಾ, ನಿಮ್ಮ ದಕ್ಷಿಣದ ಬಾಲ್ಕನಿ ಚಳಿಗಾಲಕ್ಕೆ ಒಳ್ಳೆಯದೇ. ಈಗ ಸೂರ್ಯ ದಿನದಿನಕ್ಕೆ ದಕ್ಷಿಣಕ್ಕೆ ಸರಿಯುತ್ತಿದ್ದಾನೆ. ಡಿಸೆಂಬರ್ ಮಧ್ಯಾಹ್ನ ಆಕಾಶದ ಅರ್ಧಕ್ಕೆ, ಸುಮಾರು 47 ಡಿಗ್ರಿ ಎತ್ತರಕ್ಕೆ ಬಂದು ನಿಲ್ಲುತ್ತಾನೆ. ಮಳೆಗಾಲದಲ್ಲಿ ಬಿಸಿಲೇ ಕಾಣದ ಒಳಗೋಡೆಯವರೆಗೂ ಬಿಸಿಲು ಬರುತ್ತದೆ, ಎದುರಿಗೆ ಎತ್ತರದ ಬಿಲ್ಡಿಂಗ್ ಇಲ್ಲದಿದ್ದರೆ. ಅದೊಂದು ಗೊತ್ತಾಗಬೇಕು. ನಾಳೆ ಮಧ್ಯಾಹ್ನ 12ಕ್ಕೆ ಒಂದು, 3ಕ್ಕೆ ಒಂದು ಫೋಟೋ ತೆಗೆದು ಇಲ್ಲೇ ಹಾಕಿ. ಎದುರಿನ ಬಿಲ್ಡಿಂಗ್ ಕೂಡ ಕಾಣಲಿ. ಕೋಸಿನ ಕುಂಡ ಯಾವ ಮೂಲೆಗೆ ಇಡಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.