ನೆರೆ ಪರಿಹಾರಕ್ಕೆ ಯಾವ ಪಾಸ್‌ಬುಕ್ ಕೊಡಲಿ? ಬೆಳೆ ಸಾಲ ಇರುವ ಖಾತೆಗೆ ಬಂದರೆ ಬ್ಯಾಂಕಿನವರು ಹಿಡಿದುಕೊಳ್ಳುತ್ತಾರಾ?

ಹಿಡಿದುಕೊಳ್ಳಬಾರದು, ಆದರೂ ಹಿಡಿದುಕೊಳ್ಳುತ್ತಾರೆ. ನನಗೆ ಹಾಗೇ ಆಗಿತ್ತು.

2023ರ ಬರ ನೆನಪಿರಬೇಕು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿದ್ದವು. ನಮ್ಮದು ಕಲಬುರಗಿ ಕಡೆ, ನಾಲ್ಕು ಎಕರೆ ಒಣ ಬೇಸಾಯ. ತೊಗರಿ ಹೂವಿನಲ್ಲೇ ಉದುರಿ ಹೋಯಿತು. ಬೆಳೆ ಸಾಲ ಸುಸ್ತಿಯಾಗಿತ್ತು. ನಿಮ್ಮ ಹಾಗೆಯೇ ಹೆದರಿ, ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ಮಾಡಿಸಿ, ಅದರ ಪಾಸ್‌ಬುಕ್ ಝೆರಾಕ್ಸನ್ನು ಊರಿನ ಕಂದಾಯ ಅಧಿಕಾರಿ ತಲಾಟಿಗೆ ಕೊಟ್ಟು ನಿಶ್ಚಿಂತನಾದೆ.

ನಾನು ಕೆಟ್ಟದ್ದು ಇಲ್ಲೇ. ಪರಿಹಾರದ ಹಣ ಪಾಸ್‌ಬುಕ್ ನೋಡಿ ಬರುವುದಿಲ್ಲ, ಆಧಾರ್ ನಂಬರಿನ ಬೆನ್ನು ಹತ್ತಿ ಬರುತ್ತದೆ. ನಿಮಗೆ ಎಷ್ಟೇ ಖಾತೆ ಇರಲಿ, ಡಿಬಿಟಿಗೆ, ಅಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣಕ್ಕೆ, ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಹೊಸ ಖಾತೆ ತೆರೆಯುವಾಗ ಆಧಾರ್ ಕಾರ್ಡ್ ಕೊಟ್ಟಿದ್ದೆ, ಹೆಬ್ಬೆಟ್ಟೂ ಒತ್ತಿದ್ದೆ. ಜೋಡಣೆ ಆಯಿತು ಅಂದುಕೊಂಡೆ. ಅದು ಬರೀ ಕೆವೈಸಿ, ಅಂದರೆ ಗುರುತಿನ ಪರಿಶೀಲನೆ. ಸರ್ಕಾರದ ಹಣ ಇನ್ನು ಈ ಬ್ಯಾಂಕಿಗೆ ಬರಲಿ ಅಂತ ಬೇರೆಯೇ ಒಪ್ಪಿಗೆ ಪತ್ರ ಬರೆದುಕೊಡಬೇಕಿತ್ತು, ಅದನ್ನು ಕೊಡಲಿಲ್ಲ. ಮೊದಲ ಕಂತಿನ 2,000 ರೂಪಾಯಿ ಹಳೇ ಖಾತೆಗೇ ಬಿದ್ದಿತ್ತು. ಆಗಲೇ ಆ ಪಾಸ್‌ಬುಕ್ ಎಂಟ್ರಿ ಮಾಡಿಸಿದ್ದರೆ ಗೊತ್ತಾಗುತ್ತಿತ್ತು. ನಾನು ಹೊಸ ಪಾಸ್‌ಬುಕ್ಕನ್ನೇ ಮತ್ತೆ ಮತ್ತೆ ಎಂಟ್ರಿ ಮಾಡಿಸುತ್ತಾ, ಹಣ ಬಂದೇ ಇಲ್ಲ ಅಂತ ತಹಶೀಲ್ದಾರ್ ಕಚೇರಿಗೆ ಅಲೆದೆ. ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಕೇಂದ್ರದ ದುಡ್ಡು ಬಿಡುಗಡೆಯಾಗಿ, 2024ರ ಮೇನಲ್ಲಿ ಉಳಿದದ್ದೂ ಹಳೇ ಖಾತೆಗೇ ಬಂತು. ಬ್ಯಾಂಕಿನವರು ಸಾಲಕ್ಕೆ ಜಮಾ ಮಾಡಿಕೊಂಡರು.

ಪರಿಹಾರವನ್ನು ಸಾಲಕ್ಕೆ ಮುರಿದುಕೊಳ್ಳಬಾರದು ಅಂತ ಸರ್ಕಾರ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತ್ತು. ಮ್ಯಾನೇಜರಿಗೆ ಅರ್ಜಿ ಬರೆದು, ಅದರ ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಗೂ ಕೊಟ್ಟ ಮೇಲೆ ಹಣ ತಿರುಗಿ ಬಂತು. ಆದರೆ ಅಷ್ಟರಲ್ಲಿ ಬಿತ್ತನೆ ಮುಗಿದಿತ್ತು. ಬೀಜ ಗೊಬ್ಬರಕ್ಕೆ ಅಡತಿ ಅಂಗಡಿಯಲ್ಲಿ ಬಡ್ಡಿ ಸಾಲ ಮಾಡಿ, ರಾಶಿಯಾದ ಮೇಲೆ ತೊಗರಿಯನ್ನು ಅವರು ಹೇಳಿದ ರೇಟಿಗೇ ಹಾಕಬೇಕಾಯಿತು.

ಅದಕ್ಕೇ ಹೇಳುತ್ತೇನೆ, ಯಾವ ಪಾಸ್‌ಬುಕ್ ಅನ್ನುವ ಪ್ರಶ್ನೆಯನ್ನೇ ಬಿಡಿ. ಹೊಸ ಖಾತೆಯ ಗೋಜೂ ಬೇಡ. ನಿಮ್ಮ ಆಧಾರ್ ಈಗ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ಬ್ಯಾಂಕಿನಲ್ಲೋ ಆಧಾರ್ ವೆಬ್‌ಸೈಟಿನಲ್ಲೋ ನೋಡಿ. ಅದು ಸಾಲದ ಬ್ಯಾಂಕೇ ಆಗಿದ್ದರೆ, ಹಣ ಬರುವ ಮೊದಲೇ ಮ್ಯಾನೇಜರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ಭರವಸೆ ನಂಬಬೇಡಿ.

ಇದಕ್ಕಿಂತ ದೊಡ್ಡ ಚಿಂತೆ ಪಹಣಿ ಮತ್ತು ಬೆಳೆ ಸಮೀಕ್ಷೆಯದ್ದು. 2025ರ ನೆರೆಗೆ ರಾಜ್ಯ ತನ್ನ ಪಾಲು 8,500 ಸೇರಿಸಿ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 17,000, ನೀರಾವರಿಗೆ 25,500, ಬಹುವಾರ್ಷಿಕ ಬೆಳೆಗೆ 31,000 ರೂಪಾಯಿ ಅಂತ ಘೋಷಿಸಿತ್ತು, ಅದೂ ಎರಡು ಹೆಕ್ಟೇರಿನವರೆಗೆ. ನೀವು ಕಬ್ಬು ಹಾಕಿ, ಬೆಳೆ ಸಮೀಕ್ಷೆಯಲ್ಲಿ ತೊಗರಿ ಅಂತ ಇದ್ದರೆ ಯಾವ ಖಾತೆ ಇದ್ದೇನು ಪ್ರಯೋಜನ? ಹಾನಿ ಶೇ. 33ಕ್ಕಿಂತ ಕಡಿಮೆ ಬರೆದಿದ್ದರೆ ಏನೂ ಬರುವುದಿಲ್ಲ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ, ಅಂದರೆ ಜಮೀನಿನ ದಾಖಲೆಯನ್ನು ವಾರಸುದಾರರ ಹೆಸರಿಗೆ, ಮಾಡಿಸಿ. ತಲಾಟಿ ಹತ್ತಿರ ಹೋದಾಗ ಎಫ್‌ಐಡಿ ನಂಬರ್ (ರೈತರ ಗುರುತಿನ ಸಂಖ್ಯೆ) ಕೊಟ್ಟು, ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ, ಎಷ್ಟು ಗುಂಟೆ ಹಾನಿ ಅಂತ ಬರೆದಿದ್ದಾರೆ ಕೇಳಿ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಬರೆದುಕೊಡಿ.