ರಾತ್ರಿ ಯಾರೋ ತೋಟಕ್ಕೆ ಕಸ ಸುರಿದರೆ ತೆಗೆಯಬೇಕಾದವರು ಯಾರು?

ಪ್ರಶ್ನೆ: ಮಡಿಕೇರಿ ನಗರಸಭೆ ವ್ಯಾಪ್ತಿಯ ಅಂಚಿನಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಪಕ್ಕದಲ್ಲೇ ರಸ್ತೆ. ಪ್ರವಾಸಿಗರು ಕಾರಿನಿಂದ ಬಾಟಲಿ ಎಸೆಯುವುದು ಹಳೇ ಕಥೆ. ಈಗ ರಾತ್ರಿ ಹೊತ್ತು ಯಾರೋ ಮೂಟೆಗಟ್ಟಲೆ ಕಸ ತಂದು ಬೇಲಿಯೊಳಗೆ ಸುರಿಯುತ್ತಿದ್ದಾರೆ. ನಗರಸಭೆಯಲ್ಲಿ ಕೇಳಿದರೆ, ‘ನಿಮ್ಮ ಜಾಗ, ನೀವೇ ತೆಗೆಸಿ’ ಎನ್ನುತ್ತಾರೆ. ಇದು ಸರಿಯಾ? ಸುಟ್ಟುಬಿಡಬಹುದಾ? – ಓದುಗರು, ಮಡಿಕೇರಿ

ಉತ್ತರ: ಮೊದಲು ನಿಮ್ಮ ಬೇಲಿಯ ಗೆರೆಯನ್ನು ಗಮನಿಸಿ. ರಸ್ತೆ, ಚರಂಡಿ, ರಸ್ತೆ ಬದಿಯ ಸರ್ಕಾರಿ ಜಾಗದಲ್ಲಿ ಬಿದ್ದ ಕಸ ತೆಗೆಯುವುದು ಸ್ಥಳೀಯ ಸಂಸ್ಥೆಯ ಕೆಲಸ. ಅಲ್ಲಿ ‘ನೀವೇ ತೆಗೆಸಿ’ ಎನ್ನುವಂತಿಲ್ಲ. ‘ದುಡ್ಡಿಲ್ಲ’ ಎಂಬ ಕಾರಣವೂ ನಡೆಯುವುದಿಲ್ಲ. ಮಧ್ಯಪ್ರದೇಶದ ರತ್ಲಾಮ್ ಪುರಸಭೆಗೆ ಸುಪ್ರೀಂ ಕೋರ್ಟ್ 1980ರಲ್ಲೇ ಇದನ್ನು ಖಡಾಖಂಡಿತವಾಗಿ ಹೇಳಿದೆ.

ಬೇಲಿಯೊಳಗೆ ಬಿದ್ದದ್ದರ ಕಥೆ ಬೇರೆ. ಖಾಸಗಿ ಜಾಗ ಕೊಳಕಾಗಿದ್ದರೆ ನೋಟಿಸ್ ಬರುವುದು ಮಾಲೀಕರಿಗೆ. ಸುರಿದವನು ಬೇರೆ, ನೋಟಿಸ್ ನಿಮಗೆ. ಇದು ನೋವಿನ ಮಾತೇ. ಆದರೆ ಹೀಗಿಲ್ಲದಿದ್ದರೆ ಪೇಟೆಯ ಪ್ರತಿ ಖಾಲಿ ಸೈಟಿನ ಮಾಲೀಕನೂ ‘ನಾನು ಸುರಿದಿಲ್ಲ’ ಎಂದು ಕೈ ತೊಳೆದುಕೊಳ್ಳುತ್ತಿದ್ದ. ಇಂಗ್ಲೆಂಡಿನಲ್ಲೂ ಖಾಸಗಿ ಜಾಗದ ಕಸ ತೆಗೆಸುವ ಖರ್ಚು ಸಾಮಾನ್ಯವಾಗಿ ಮಾಲೀಕನ ಮೇಲೇ ಬೀಳುತ್ತದೆ. ಆದರೆ ಅಲ್ಲಿ ಕಸ ತೆಗೆಯಿರಿ ಎಂದು ನೋಟಿಸ್ ಬಂದಾಗ, ತಾನು ಸುರಿದಿಲ್ಲ, ಗೊತ್ತಿದ್ದೂ ಸುರಿಯಲು ಬಿಟ್ಟಿಲ್ಲ ಎಂದು ಕೋರ್ಟಿನಲ್ಲಿ ತೋರಿಸಿದರೆ ಅದು ರದ್ದಾಗುತ್ತದೆ. ನಮ್ಮಲ್ಲೂ ನಿಮ್ಮನ್ನು ಕಾಪಾಡುವುದು, ನೀವು ಸುರಿದಿಲ್ಲ ಎಂದು ತೋರಿಸುವ ದಾಖಲೆಯೇ. ಅದಕ್ಕೇ ಹೇಳುವುದು, ಬಾಯಿಮಾತಿನ ದೂರು ಸಾಲದು.

ಮೂಟೆ ಮುಟ್ಟುವ ಮೊದಲು ಫೋಟೊ ತೆಗೆಯಿರಿ. ತಾರೀಖು, ಜಾಗ ಕಾಣಬೇಕು. ಆಮೇಲೆ ಕೈಗವಸು ಹಾಕಿಕೊಂಡು, ಇಬ್ಬರು ಸಾಕ್ಷಿಗಳ ಎದುರು ಮೂಟೆ ಬಿಚ್ಚಿ ನೋಡಿ. ರಾತ್ರಿ ಮೂಟೆಗಟ್ಟಲೆ ಬರುವ ಕಸ ಒಂದು ಮನೆಯದ್ದು ಇರುವುದು ಕಡಿಮೆ. ಹೋಟೆಲ್, ಹೋಂಸ್ಟೇ, ಮದುವೆ ಮನೆ, ಅಂಗಡಿ, ಹೀಗೆ ಎಲ್ಲಿಂದಲೋ ಬಂದಿರುತ್ತದೆ. ಒಳಗೆ ಬಿಲ್, ಪಾರ್ಸೆಲ್ ವಿಳಾಸ, ಔಷಧದ ಚೀಟಿ ಸಿಕ್ಕರೆ ತೆಗೆದಿಡಿ. ಅದೊಂದರಿಂದಲೇ ಯಾರನ್ನೂ ತಪ್ಪಿತಸ್ಥರೆನ್ನಲು ಆಗುವುದಿಲ್ಲ, ಕಸವನ್ನು ಸಾಗಿಸಿದವರು ಬೇರೆಯವರೂ ಇರಬಹುದು. ಆದರೆ ವಿಚಾರಣೆ ಎಲ್ಲಿಂದ ಶುರುವಾಗಬೇಕು ಎನ್ನುವುದು ಗೊತ್ತಾಗುತ್ತದೆ. ದಯವಿಟ್ಟು ಆ ಹೆಸರುಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ದೂರಿನ ಜೊತೆ ಕೊಡಿ.

ದೂರು ಪೌರಾಯುಕ್ತರ ಹೆಸರಿಗೆ ಇರಲಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬೀದಿಯಲ್ಲಿ, ಚರಂಡಿಯಲ್ಲಿ, ನೀರಿನಲ್ಲಿ ಕಸ ಎಸೆಯುವುದನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ನಿಷೇಧಿಸಿದ್ದವು. 2026ರ ಏಪ್ರಿಲ್ 1ರಿಂದ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದಿವೆ. ಅವುಗಳ ಪ್ರಕಾರ ಮನೆಯಲ್ಲೇ ಹಸಿ, ಒಣ, ಸ್ಯಾನಿಟರಿ, ವಿಶೇಷ ಕಾಳಜಿಯ ಕಸ (ಬಲ್ಬು, ಔಷಧ, ಪೇಂಟ್ ಡಬ್ಬದಂಥವು) ಎಂದು ನಾಲ್ಕಾಗಿ ಬೇರ್ಪಡಿಸಬೇಕು. ಮೂಟೆ ಕಟ್ಟಿ ಬೇಲಿಯಾಚೆ ಒಗೆಯುವವರು ಮೊದಲು ತಪ್ಪಿಸಿಕೊಳ್ಳುವುದು ಈ ಕೆಲಸದಿಂದಲೇ ಅಲ್ವಾ?

ಕಸ ರಸ್ತೆಗೂ ತೋಡಿಗೂ ಹರಡಿದೆ, ನಗರಸಭೆ ಸುಮ್ನಿದೆ ಎಂದಾದರೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಪ್ರಕಾರ, ಸಾರ್ವಜನಿಕ ಜಾಗದ ಉಪದ್ರವ ತೆಗೆಸಲು ಅವರು ಆದೇಶ ಹೊರಡಿಸಬಹುದು. ರತ್ಲಾಮಿನ ಜನ ಗೆದ್ದದ್ದು ಇದರ ಹಳೇ ರೂಪವಾದ, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂನಿಂದ. ಕೊಡಗಿನಲ್ಲಿ ಇದಕ್ಕೆ ಅವಸರ ಜಾಸ್ತಿ. ಜೂನ್ ಮಳೆ ಹಿಡಿಯಿತೆಂದರೆ ಇಳಿಜಾರಿನ ಪ್ಲಾಸ್ಟಿಕ್ ತೋಡಿಗೆ, ತೋಡಿನಿಂದ ಹೊಳೆಗೆ ಹೋಗಿಬಿಡುತ್ತದೆ. ಮಳೆಗೆ ಮುಂಚೆಯೇ ಓಡಾಡಿ.

ಸುಡುವುದು ಮಾತ್ರ ಖಂಡಿತ ಬೇಡ. ಪ್ಲಾಸ್ಟಿಕ್ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷ ಇರುತ್ತದೆ. ಅದಲ್ಲದೆ, ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಕಟ್ಟಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿದೆ. ಯಾರದ್ದೋ ಕಸಕ್ಕೆ ನೀವು ದಂಡ ಕಟ್ಟಿದಂತಾಗುತ್ತದೆ.

ಜಾಗ ತೆರವಾದ ಮೇಲೆ ರಸ್ತೆ ಬದಿಯ ಕಾಡು ಸವರಿ, ಬೇಲಿ ಬಿಗಿ ಮಾಡಿ, ಒಂದು ದೀಪ ಹಾಕಿ. ಇದ್ದ ಕಸದ ಮೇಲೇ ಕಸ ಬೀಳುವುದು ಜಾಸ್ತಿ. ಅದಕ್ಕೇ ಮೊದಲ ಮೂಟೆ ಕಂಡ ದಿನವೇ ದೂರು ಕೊಟ್ಟು ತೆಗೆಸುವುದು ಒಳ್ಳೆಯದು.

ಪ್ರಶ್ನೆ: ವಿರಾಜಪೇಟೆಯ ನಮ್ಮ ಮನೆ ಅಂಗಳದಲ್ಲೇ ಮಗಳ ಮದುವೆ. ನಾನೂರು ಜನ ಬರುತ್ತಾರೆ. ಕಸದ ಬಗ್ಗೆ ಯಾರಿಗಾದರೂ ಹೇಳಬೇಕಾ? – ಓದುಗರು, ವಿರಾಜಪೇಟೆ

ಉತ್ತರ: ಹೌದು. ಕಲ್ಯಾಣ ಮಂಟಪದಂಥ ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವುದಾದರೆ, ಕನಿಷ್ಠ ಮೂರು ಕೆಲಸದ ದಿನ ಮೊದಲು ಪುರಸಭೆಗೆ ತಿಳಿಸಿ. ಗಾಡಿ ಎಷ್ಟು ಗಂಟೆಗೆ ಬರುತ್ತದೆ ಎಂದು ಆಗಲೇ ಮಾತಾಡಿಕೊಳ್ಳಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ 2022ರ ಜುಲೈ 1ರಿಂದ ದೇಶದಲ್ಲೆಲ್ಲಾ ನಿಷೇಧ. ಬಾಳೆ ಎಲೆ, ಸ್ಟೀಲ್ ಲೋಟ ಇಟ್ಟುಕೊಂಡರೆ ಕಸದ ಬಹುಪಾಲು ಗೊಬ್ಬರದ ಗುಂಡಿಗೇ ಹೋಗುತ್ತದೆ. ಅಡುಗೆಯವರಿಗೆ ಈ ವಿಷಯವನ್ನು ಮುಂಗಡ ಕೊಡುವಾಗಲೇ ಹೇಳಿಬಿಡಿ.